ಬಡಿಸುವವರು ಮೊದಲು ಉಂಡ ದಿನ

ನಾನು ಚಿಕ್ಕವನಿದ್ದಾಗ, ಒಂದು ಮಳೆಗಾಲ, ಕಪಿಲೆ ಉಕ್ಕಿ ಟಿ. ನರಸೀಪುರದ ಹೊಳೆದಂಡೆಯ ಮನೆಗಳಿಗೆ ನುಗ್ಗಿಬಿಟ್ಟಳು. ಮನೆ ಬಿಟ್ಟು ಬಂದವರು ಅಲ್ಲಿನ ಶಾಲೆಯೊಂದರಲ್ಲಿ ಉಳಿದಿದ್ದರು. ಅವರಿಗೆ ಅಡುಗೆ ಮಾಡಿ ಬಡಿಸಲು ಅಪ್ಪ ಮತ್ತು ಅಪ್ಪನ ಗೆಳೆಯರೊಬ್ಬರು ನಂಜನಗೂಡಿನಿಂದ ಲಾರಿಯಲ್ಲಿ ಅಕ್ಕಿ, ಬೇಳೆ, ಕುಂಬಳಕಾಯಿ ತುಂಬಿಕೊಂಡು ಹೊರಟರು. ಮೂಟೆಗಳ ಮೇಲೆ ಅಕ್ಕನೂ ನಾನೂ. ಆ ಗೆಳೆಯರನ್ನು ನಾವು ಮಾವ ಎನ್ನುತ್ತಿದ್ದೆವು.

ಶಾಲೆಯ ಅಂಗಳದಲ್ಲಿ ಒದ್ದೆ ಸೌದೆಯ ಹೊಗೆ, ಕೆಸರಿನ ವಾಸನೆ, ಒಗ್ಗರಣೆಯ ಘಮ ಎಲ್ಲ ಬೆರೆತಿತ್ತು. ಮಾವ ಹುಳಿಯ ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತಿದ್ದರು. ನಮ್ಮ ಕಡೆ ಬಡಿಸುವವರು ಉಣ್ಣುವುದು ಕೊನೆಯ ಪಂಕ್ತಿ ಎದ್ದ ಮೇಲೆಯೇ. ಮಾವನಿಗಂತೂ ಅದು ವ್ರತವಿದ್ದ ಹಾಗೆ. "ಒಂದು ಬಾಳೆಹಣ್ಣಾದ್ರೂ ತಿನ್ನೋ" ಎಂದು ಅಪ್ಪ ಬೇಡಿಕೊಂಡರು.

"ಹಸಿದೋರ ಮುಂದೆ ನಿಂತ್ಕೊಂಡು ತಿನ್ನಾಕಾಯ್ತದೇನೋ? ಹೋಗು, ಎಲೆ ಹಾಕು" ಎಂದು ಮಾವ ನಕ್ಕರು.

ಮೊದಲ ಪಂಕ್ತಿಯ ಎಲೆಗಳಿಗೆ ಅನ್ನ ಬೀಳುವಷ್ಟರಲ್ಲಿ ಮಾವನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಮಾತು ತೊದಲಿತು. ಸೌದೆ ಒಡೆಯುತ್ತಿದ್ದವನೊಬ್ಬ ಪಕ್ಕದವನಿಗೆ, "ಬೆಳ್‌ಬೆಳಿಗ್ಗೇನೇ ಏರಿಸ್ಕೊಂಡವ್ನೆ ಕಣ್ಲಾ" ಎಂದ. ಅಷ್ಟರಲ್ಲಿ ಮಾವ ಕುದಿಯುವ ಕೊಪ್ಪರಿಗೆಯ ಕಡೆಗೇ ವಾಲಿದರು. ಅಪ್ಪ ಓಡಿಬಂದು ತೋಳು ಹಿಡಿದು ಎಳೆದರು. ಇಬ್ಬರೂ ಕೆಸರಿಗೆ ಬಿದ್ದರು. ಅಪ್ಪ ಒಂದು ಚಣ ತಡಮಾಡಿದ್ದರೆ? ಕಾಲೇಜು ಓದಿ, ಕೆಲಸ ಮಾಡಿ, ನಿವೃತ್ತನಾದ ಮೇಲೂ ಆ ವಾಲಿದ ಬೆನ್ನು ಕಣ್ಣೆದುರು ಬರುತ್ತದೆ.

"ಕುಡಿದಿಲ್ಲ ಕಣಯ್ಯ. ಇವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇಂಜೆಕ್ಷನ್ ತಗೊಂಡವ್ನೆ, ಹೊಟ್ಟೆಗೇನೂ ಬಿದ್ದಿಲ್ಲ." ಅಪ್ಪ ಕೆಸರಿನಲ್ಲಿ ಕೂತೇ ಕೂಗಿದರು. ಆ ಔಷಧಿ ತೆಗೆದುಕೊಂಡು ಉಣ್ಣದಿದ್ದರೆ ಮೈಯೊಳಗಿನ ಸಕ್ಕರೆ ತೀರಾ ಇಳಿದು ಪ್ರಾಣಕ್ಕೇ ಸಂಚಕಾರ. ಅಕ್ಕ ಬೆಲ್ಲದ ಪುಡಿ ತಂದಳು. ಮಾವ ಆ ಮಂಪರಿನಲ್ಲೂ ಅವಳ ಕೈ ತಳ್ಳಿ, "ಮೊದ್ಲು ಅವರಿಗೆ" ಎಂದು ತೊದಲಿದರು.

ಪಂಕ್ತಿಯಿಂದ ಒಬ್ಬ ಅಜ್ಜಿ ಎದ್ದು ಬಂದರು. ಅವರ ಮನೆಯ ಗೋಡೆ ಹಿಂದಿನ ದಿನವಷ್ಟೇ ಹೊಳೆಯ ಪಾಲಾಗಿತ್ತು. ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅವರು ಅಂದ್ರೆ ನಾವೇ ಅಲ್ವೇನಪ್ಪ? ನಾವೇ ಹೇಳ್ತಾ ಇದೀವಿ, ತಿನ್ನು. ನೀನು ತಿನ್ನೋಗಂಟ ಇಲ್ಲಿ ಯಾರೂ ಅನ್ನ ಮುಟ್ಟಾಕಿಲ್ಲ" ಎಂದರು. ಇಡೀ ಪಂಕ್ತಿ ಎಲೆಯಿಂದ ಕೈ ಹಿಂದೆ ತೆಗೆಯಿತು, ಹಸಿದ ಮಕ್ಕಳು ಕೂಡ.

ಮಾವ ಬಾಯಿ ತೆರೆದರು. ಅಜ್ಜಿ ಚಿಟಿಕೆ ಚಿಟಿಕೆಯಾಗಿ ಬೆಲ್ಲ ಇಟ್ಟರು. ಕುಡಿದಿದ್ದಾನೆ ಎಂದವನೇ ಟವೆಲಿನಿಂದ ಗಾಳಿ ಬೀಸಿದ. ಕೊನೆಗೆ ಮಾವನ ಕಣ್ಣು ತಿಳಿಯಾಯಿತು. "ಸೌಟೆಲ್ಲಿ?" ಎಂದು ಕೇಳಿದರು.

"ನಮ್ ಕೈಲೈತೆ. ಸುಮ್ಕೆ ಉಣ್ಣು" ಎಂದು ಅಜ್ಜಿ ಗದರಿದರು. ಅಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಆ ದಿನ ನಮ್ಮನ್ನೆಲ್ಲ ಕೂರಿಸಿ ಮೊದಲು ಬಡಿಸಿದವರು ಮನೆ ಕಳೆದುಕೊಂಡವರೇ.

ಮಕ್ಕಳೇ, ಈಗ ಇಂಥ ಕಾಯಿಲೆಯಿರುವವರ ತೋಳಿಗೆ ಪುಟ್ಟ ಯಂತ್ರ ಅಂಟಿಸುತ್ತಾರೆ. ಸಕ್ಕರೆ ಇಳಿದರೆ ಅದು ಫೋನಿಗೆ ಸುದ್ದಿ ಕೊಡುತ್ತದೆ. ಎಷ್ಟು ಒಳ್ಳೆಯದಾಯಿತು. ಅಂದು ಅದೇನೂ ಇರಲಿಲ್ಲ. ಮಾವ ಆಮೇಲೆ ಎಷ್ಟೋ ವರ್ಷ ನಮ್ಮ ಮನೆಯ ಜಗಲಿಯಲ್ಲಿ ಕೂತು ಅಪ್ಪನೊಡನೆ ಹರಟಿದರು. ಆ ವರ್ಷಗಳನ್ನು ಕೊಟ್ಟ ಅಜ್ಜಿಯ ಹೆಸರನ್ನು ಗಾಬರಿಯಲ್ಲಿ ನಾವು ಯಾರೂ ಕೇಳಲಿಲ್ಲ. ನಿಮ್ಮ ಫೋನಿನಲ್ಲಿ ಏನೆಲ್ಲ ಹುಡುಕಿಕೊಡುತ್ತೀರಿ, ಅವರನ್ನು ಮಾತ್ರ ಹುಡುಕಿಕೊಡಲಾರಿರಿ. ಅದಕ್ಕೇ ಅವರ ಸುದ್ದಿಯನ್ನು ನಿಮಗೆ ಹೇಳಿದೆ.