ಒಂದು ತಾಸು ಹನ್ನೊಂದನೆಯ ನಿಮಿಷ

ಕಾಕಾ, ಆ ಜಪಾನಿ ಸಿನಿಮಾವನ್ನು ನಾನು ಮೊದಲೇ ನೋಡಿದ್ದೆ. ಒಂದು ಸಲ ಅಲ್ಲ, ಎರಡು ಸಲ. ಎರಡನೆಯ ಸಲ ನೋಡಿದ್ದು ಆ ದೃಶ್ಯ ಸರಿಯಾಗಿ ಎಷ್ಟನೆಯ ನಿಮಿಷಕ್ಕೆ ಬರುತ್ತದೆ ಎಂದು ತಿಳಿದುಕೊಳ್ಳಲಿಕ್ಕೆ. ನೀವು ಕೇಳಿದಾಗ ಇಲ್ಲ ಅಂದೆ. ಮೂರು ವರ್ಷದಿಂದ ಆ ‘ಇಲ್ಲ’ ನಮ್ಮ ಮನೆಯಲ್ಲೇ ಇದೆ.

ನನಗಾಗ ಹದಿನೈದು. ಪುಣೆಯಲ್ಲಿ ಕಂಡಕಂಡವರೆಲ್ಲ ಜಪಾನಿ ಕಲಿಯುತ್ತಿದ್ದರು. ನನ್ನನ್ನೂ ಕ್ಲಾಸಿಗೆ ಹಾಕಿದ್ದರು. ಹೋದದ್ದು ಮೂರು ದಿನ. ಏಳರ ತನಕ ಎಣಿಸಲು ಬಂತು, ಸೊಂಟ ಬಗ್ಗಿಸಿ ನಮಸ್ಕರಿಸಲು ಬಂತು — ನಾಲ್ಕನೆಯ ದಿನದಿಂದ ಆ ಹೊತ್ತಿಗೆ ಕ್ರಿಕೆಟ್. ಮನೆಯಲ್ಲಿ ಮಾತ್ರ ಟೋಕಿಯೋದಲ್ಲಿ ಹುಟ್ಟಿ ಇಲ್ಲಿ ನಮ್ಮ ಕೊಂಢವಾದಲ್ಲಿ ಬೆಳೆದವನ ಹಾಗೆ ಓಡಾಡಿಕೊಂಡಿದ್ದೆ. ಅಜ್ಜಿ ಬಂದವರ ಮುಂದೆಲ್ಲ, “ನಮ್ಮ ಪಮ್ಯಾ ಜಪಾನಿ ಮಾತಾಡ್ತಾನ್ರಿ,” ಎನ್ನುವಳು. ನಾನು ಏಳರ ತನಕ ಸಿಟ್ಟಿನಿಂದ ಒಮ್ಮೆ, ಪ್ರೀತಿಯಿಂದ ಒಮ್ಮೆ ಎಣಿಸಿ, ಎರಡು ಬೇರೆ ಬೇರೆ ವಾಕ್ಯ ಮಾಡಿ ತೋರಿಸುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಹಾಲ್‌ನ ಪರದೆ ಎಳೆದು ಡಿಸ್ಕ್ ಹಾಕಿದೆ. ಕೆಳಗೆ ಇಂಗ್ಲಿಷ್ ಅಕ್ಷರ ಬರದ ಡಿಸ್ಕ್ — ಅದಕ್ಕೇ ತಂದಿದ್ದೆ. ಅಜ್ಜಿ, ಕಾಕೂ, ವಿಜಾಪುರದಿಂದ ರಜೆಗೆ ಬಂದಿದ್ದ ಇಬ್ಬರು ಅಕ್ಕಂದಿರು. ಅಕ್ಕಂದಿರನ್ನು ಕಿರುಚಿಸಬೇಕು, ಇಷ್ಟೇ ನನ್ನ ಪ್ಲಾನ್. ಅದರಲ್ಲಿ ನೀವಿರಲಿಲ್ಲ. ಕುರಕುಂಭದ ಕಾರ್ಖಾನೆಯಲ್ಲಿ ಕುದಿಯುವ ರಾಸಾಯನಿಕ ಬಲಗೈ ಮೇಲೆ ಬಿದ್ದಾಗಿನಿಂದ, ಐದು ತಿಂಗಳು, ನೀವು ಒಳಕೋಣೆ ಬಿಟ್ಟು ಬಂದಿರಲಿಲ್ಲ. ಊಟವೂ ಅಲ್ಲೇ. ಮರುದಿನ, ಸೋಮವಾರ, ಕೆಲಸಕ್ಕೆ ಮರಳುವುದಿತ್ತು. ಕಾಕೂ ಉದ್ದ ತೋಳಿನ ಹೊಸ ಅಂಗಿಗೆ ಇಸ್ತ್ರಿ ಮಾಡಿ ಬಾಗಿಲಿಗೆ ತೂಗುಹಾಕಿದ್ದಳು.

ಸಿನಿಮಾದ ಮೊದಲ ಒಂದು ತಾಸು ಏನೂ ಆಗುವುದಿಲ್ಲ. ಸಮುದ್ರದ ಪಕ್ಕ ಒಂದು ಮನೆ, ಗಂಡ, ಹೆಂಡತಿ, ಒಲೆಯ ಮೇಲೊಂದು ಪಾತ್ರೆ. ಅವನು ಬಲೆ ಹೊಲಿಯುತ್ತಾನೆ, ಅವಳು ಪಾತ್ರೆ ನೋಡುತ್ತಾಳೆ. ಅವರ ಮಾತನ್ನೆಲ್ಲ ನಾನೇ ಕನ್ನಡಕ್ಕೆ ತಂದೆ.

“ಏನಂತಾನೋ ಅವಾ?” ಎಂದು ಅಜ್ಜಿ ಕೇಳಿದಳು.

“ನಿನ್ನಿ ಸಾರು ಇವತ್ತೂ ಹಾಕಿದ್ರ ತವರಿಗೆ ಕಳಸ್ತೀನಿ ಅಂತಾನ.”

“ಅಕೀ?”

“ಕಳಸ್ರಿ, ಸ್ಟ್ಯಾಂಡ್ ತನಕಾ ಬಿಡ್ಲಿಕ್ಕ ಬರ್ರಿ, ಗಂಟು ಭಾಳ ಜಡ ಅದ ಅಂತಾಳ.”

“ಶಾಣ್ಯಾಕಿ ಇದ್ದಾಳ,” ಎಂದಳು ಕಾಕೂ.

ಅಕ್ಕಂದಿರು ನಕ್ಕು ನಕ್ಕು ಗಾದಿಯಿಂದ ಕೆಳಗೆ ಜಾರಿದರು. ಆ ನಗು ಕೇಳಿಯೇ ನೀವು ಬಂದದ್ದು. ಮೊದಲು ಬಾಗಿಲಲ್ಲಿ ನಿಂತಿರಿ, ಆಮೇಲೆ ಕೂತಿರಿ. ಆಮೇಲೆ — ಕಾಕಾ, ಇದನ್ನು ಬರೆಯುವಾಗಲೂ — ನಗುವಿಗೆ ಬಂದ ಕಣ್ಣೀರು ಒರೆಸಲು ಅಂಗಿಯ ತೋಳಿನೊಳಗಿಂದ ಬಲಗೈ ಹೊರಗೆ ತೆಗೆದಿರಿ. ಎಲ್ಲರೆದುರು, ಮೊದಲ ಸಲ. ಯಾರೂ ಅತ್ತ ನೋಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಅದೇ ನನಗೆ ಬೇಕಾಗಿತ್ತು. ರಿಮೋಟ್ ನನ್ನ ತೊಡೆಯ ಮೇಲಿತ್ತು. ಒಂದು ತಾಸು ಐದು ನಿಮಿಷ. ಒಂದು ತಾಸು ಎಂಟು. ನಿಲ್ಲಿಸಬೇಕೆಂದು ಗೊತ್ತಿತ್ತು. ನಿಲ್ಲಿಸಿದರೆ ನಗುವೂ ನಿಲ್ಲುತ್ತದಲ್ಲ ಎಂದು...

ಹನ್ನೊಂದನೆಯ ನಿಮಿಷಕ್ಕೆ ಆ ಹೆಂಗಸು ಗಂಡನ ಕೈ ಹಿಡಿದು ಕುದಿಯುವ ಪಾತ್ರೆಯಲ್ಲಿ ಅದ್ದಿದಳು. ಅವಸರವಿಲ್ಲದೆ. ಹೊರಗೆ ತೆಗೆದಳು. ಬೆರಳ ತುದಿ ಹಿಡಿದು ಚರ್ಮ ಎಳೆದಳು. ಈಗ ಎಲ್ಲರೂ ಟಿವಿಯನ್ನೇ ನೋಡುತ್ತಿದ್ದರು, ಮತ್ತು ನನ್ನ ಬಾಯಿ — ನಿಲ್ಲುವುದೇ ಗೊತ್ತಿಲ್ಲದ ನನ್ನ ಬಾಯಿ — ಅವಳ ದನಿಯಲ್ಲಿ ಹೇಳಿತು:

“ನೋಡ್ರಿ, ಗ್ಲೋವ್ಸ್ ಕಳದಂಗ ಕಳದು ಬಂತು.”

ಅದು ನಿಮ್ಮ ಮಾತು. ದಿನಾ ಸಂಜೆ ನಿಮ್ಮ ಕೈಗೆ ಮುಲಾಮು ಹಚ್ಚುತ್ತಿದ್ದವನು ನಾನು. ಕಾಕೂಗೂ ಹೇಳದ್ದನ್ನು ಒಂದು ಸಂಜೆ ನನಗೆ ಹೇಳಿದ್ದಿರಿ: “ಗ್ಲೋವ್ಸ್ ಕಳದಂಗ ಕಳದು ಬಂತಲೇ ಪಮ್ಯಾ. ನಾನೂ ಗ್ಲೋವ್ಸ್ ಅಂತನ ತಿಳದಿದ್ದೆ.”

ಅಕ್ಕಂದಿರು ಕಿರುಚಿದರು. ಪ್ಲಾನ್ ಸರಿಯಾಗಿಯೇ ನಡೆಯಿತು. ಆಮೇಲೆ ಎಲ್ಲರ ಕಣ್ಣುಗಳು ಟಿವಿಯಿಂದ ನಿಮ್ಮ ಕೈಗೆ ಹೊರಳಿದವು. ಅಜ್ಜಿಯವೂ. ನೀವು ಕೈಯನ್ನು ತೋಳಿನೊಳಗೆ ಎಳೆದುಕೊಂಡಿರಿ.

“ಮೊದಲ ನೋಡಿದ್ದೇನು ಇದನ್ನ?” ಎಂದು ಕೇಳಿದಿರಿ. ದನಿಯಲ್ಲಿ ಸಿಟ್ಟಿರಲಿಲ್ಲ.

“ಇಲ್ಲ ಕಾಕಾ. ಆಣಿ ಮಾಡಿ ಹೇಳ್ತೀನಿ.”

“ಇರ್ಲಿ ಬಿಡು. ನಿನಗೇನು ಗೊತ್ತು, ಪಾಪ.”

ಸೋಮವಾರ ನೀವು ಹೋಗಲಿಲ್ಲ. ಅದರ ಮುಂದಿನ ಸೋಮವಾರವೂ. ಈಗ ಆ ಕೆಲಸ ಬೇರೆ ಯಾರೋ ಮಾಡುತ್ತಿದ್ದಾರೆ. ಹೊಸ ಅಂಗಿ ಹೋದ ವರ್ಷದಿಂದ ನನ್ನ ಮೈಗೆ ಸರಿಹೊಂದುತ್ತದೆ. ಕಾಕೂ ಕೊಟ್ಟಳು, ಹಾಕಿಕೊಂಡೆ. ಅದನ್ನೇ ಹಾಕಿಕೊಂಡು ಕಾಲೇಜಿನಲ್ಲಿ ಇವತ್ತಿಗೂ ಜನರನ್ನು ನಗಿಸುತ್ತೇನೆ. ನೀವು ಬಾಗಿಲು ಹಾಕಿಕೊಂಡು ಎಡಗೈಯಿಂದ ಮುಲಾಮು ಹಚ್ಚಿಕೊಳ್ಳುತ್ತೀರಿ. ನನಗೆ ಬೈದಿಲ್ಲ. ಏನನ್ನೂ ಹೇಳಿಯೂ ಇಲ್ಲ — ಆ ದಿನದಿಂದ, ಏನನ್ನೂ.

ಇದನ್ನು ಬಾಗಿಲ ಕೆಳಗಿನಿಂದ ತಳ್ಳುತ್ತೇನೆ. ಓದಿ ನೀವು ಹೊರಗೆ ಬರುವುದಿಲ್ಲ, ಅದು ಗೊತ್ತಿದೆ. ಅವತ್ತು ‘ಪಾಪ’ ಅಂದಿರಲ್ಲ — ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅಷ್ಟಕ್ಕೇ ಬರೆದೆ.