ಸೋತವರಿಗೆ ಮುಂದಿನ ಸೀಟು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ತಪ್ಪಿರಬಹುದು. ಡೈರಿ ಬರೆಯುವ ಅಭ್ಯಾಸ ನನಗೆ ಅಂಟಿದ್ದು ಯೂನಿವರ್ಸಿಟಿಗೆ ಸೇರಿದ ಮೇಲೆ. ಇದು ಅದಕ್ಕೂ ಹಿಂದಿನದು. ಹಳೆಯದನ್ನು ನಾನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಾಗಿ ಈಗ ನೆನಪಾಗುವುದು ನಡೆದದ್ದೋ, ಹೇಳಿಕೊಂಡದ್ದೋ, ಬೇರ್ಪಡಿಸಲು ಆಗುವುದಿಲ್ಲ. ಆದರೆ ವಾಸನೆಯ ಬಗ್ಗೆ ಅನುಮಾನವಿಲ್ಲ.

ಹೋದ ವಾರ ಮಾಗಡಿಯಿಂದ ಬಸ್ಸಿನಲ್ಲಿ ಬಂದು ರಾಮನಗರದಲ್ಲಿ ಇಳಿದೆ. ಅಲ್ಲಿಂದ ಚನ್ನಪಟ್ಟಣಕ್ಕೆ ಹೋಗಬೇಕಿತ್ತು. ಆಟೋ ಹತ್ತಿದರೆ ದೊಡ್ಡ ರಸ್ತೆಯನ್ನು ಯಾವುದೋ ಪೈಪಿಗಾಗಿ ಅಗೆದಿದ್ದರು. ಆಟೋದವನು ರೇಷ್ಮೆ ನೂಲು ತೆಗೆಯುವ ಮನೆಗಳ ಬೀದಿಗೆ ತಿರುಗಿಸಿದ. ಬಿಸಿನೀರಿನಲ್ಲಿ ಬೇಯುತ್ತಿರುವ ಗೂಡಿನ, ಒಳಗೆ ಬೆಂದ ಹುಳುವಿನ ವಾಸನೆ ಒಮ್ಮೆಗೇ ನುಗ್ಗಿತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮೂಗು ಮುಚ್ಚಲಿಲ್ಲ, ಉಸಿರು ಹಿಡಿದೆ. ಬೀದಿಯ ಕೊನೆಯ ಮಸೀದಿ ಬರುವ ತನಕ ಬಿಡಲೇ ಇಲ್ಲ.

"ಏನಾಯ್ತು ಮೇಡಂ, ವಾಂತಿ ಬತ್ತೈತಾ? ಒಸಿ ನಿಲ್ಲುಸ್ಲಾ?" ಎಂದ ಆಟೋದವನು, ಕನ್ನಡಿಯಲ್ಲಿ ನನ್ನ ಮುಖ ನೋಡಿ.

ಬೇಡವೆಂದು ಕೈ ಆಡಿಸಿದೆ. ಮಾತಾಡಿದರೆ ಸೋತಂತೆ. ಮಸೀದಿ ದಾಟಿ ಉಸಿರು ಬಿಟ್ಟ ಮೇಲೆ, ಸೋಲುವುದಾದರೂ ಯಾರೆದುರು ಎಂದು ಯೋಚಿಸಿದೆ. ಈ ಉಸಿರಿನ ಆಟ ಕಟ್ಟಿದವರು ತೀರಿಹೋಗಿದ್ದರು. ಅವರ ಹೆಂಡತಿಯನ್ನು ಮಾತಾಡಿಸಿಕೊಂಡು ಬರಲೆಂದೇ ನಾನು ಹೊರಟಿದ್ದೆ.

ಚನ್ನಪಟ್ಟಣದಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಅವರ ಮನೆಗೂ ನಡುವೆ ಎದೆಯೆತ್ತರದ ಕಾಂಪೌಂಡು. ಅವರು ಬೊಂಬೆ ಮಾಡುವವರು. ನನಗೂ ತಂಗಿಗೂ ಅವರು ಚಾಚಾ. ಮನೆಯ ಮುಂಭಾಗದ ಕೋಣೆಯಲ್ಲೇ ಲೇತು; ಬೆಳಗ್ಗೆ ಎಂಟಕ್ಕೆ ಅದು ಗುಂಯ್ ಎನ್ನಲು ಶುರುವಾದರೆ ಅಮ್ಮ ನಮ್ಮನ್ನು ಸ್ಕೂಲಿಗೆ ಹೊರಡಿಸುತ್ತಿದ್ದಳು. ತಿರುಗುವ ಮರಕ್ಕೆ ಅವರು ಅರಗಿನ ಕಡ್ಡಿ ಒತ್ತಿ ಹಿಡಿದರೆ, ಆ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಮೈತುಂಬ ಹರಡುತ್ತಿತ್ತು. ಆಮೇಲೆ ಕೇದಿಗೆಯ ಒಣಗರಿಯಿಂದ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ಅದರಲ್ಲಿ ತಮ್ಮ ಮುಖ ಕಂಡ ಮೇಲೆಯೇ ಕೆಳಗಿಡುತ್ತಿದ್ದರು. ಅವರಿಗೂ ಚಾಚಿಗೂ ಮಕ್ಕಳಿರಲಿಲ್ಲ. ಇದನ್ನು ಕಾರಣವೆಂದು ಬರೆಯಲು ನನಗೆ ಇಷ್ಟವಿಲ್ಲ. ಆದರೂ ಬರೆದಿದ್ದೇನೆ.

ತಂಗಿ ಆಗ ಎಂಟನೇ ಕ್ಲಾಸು, ನಾನು ಪಿಯುಸಿ. ಅವಳ ಸ್ಕೂಲಿಗೆ ಯಾರೋ ಏರ್ ರೈಫಲ್ ತಂದು ಮಕ್ಕಳ ಕೈಯಲ್ಲಿ ಹೊಡೆಸಿ ನೋಡಿದರು. ಇವಳ ಕೈ ಅಲುಗುವುದೇ ಇಲ್ಲ ಎಂದರು. ರಾಮನಗರದಾಚೆ, ಕೂಟಗಲ್ ಕಡೆ ಹೋಗುವ ರಸ್ತೆಯಲ್ಲಿ, ಒಂದು ಕಾಲೇಜಿನ ಹಿಂದೆ ತಗಡು ಹೊದಿಸಿದ ರೇಂಜ್ ಇತ್ತು. ಪ್ರತಿ ಭಾನುವಾರ ಕಳಿಸಿಕೊಟ್ಟರೆ ರಾಜ್ಯಮಟ್ಟದ ತನಕ ತಯಾರು ಮಾಡುತ್ತೇನೆಂದು ಅಲ್ಲಿನ ಕೋಚ್ ಸರ್ ಹೇಳಿಕಳಿಸಿದರು. ಅಪ್ಪನಿಗೆ ಭಾನುವಾರವೂ ಡ್ಯೂಟಿ. ಚಾಚಾ ಹೇಗೂ ಭಾನುವಾರ ಮರ ತರಲು ತಮ್ಮ ಲಗೇಜ್ ಆಟೋದಲ್ಲಿ ಆ ಕಡೆ ಹೋಗುತ್ತಿದ್ದರು, ಅಥವಾ ಹೋಗುತ್ತೇನೆಂದು ನಮಗೆ ಹೇಳಿದರು. ತಂಗಿಯೊಬ್ಬಳನ್ನೇ ಕಳಿಸಲು ಅಮ್ಮ ಒಪ್ಪಲಿಲ್ಲ. ಹಾಗಾಗಿ ನಾನೂ ಶೂಟರ್ ಆದೆ. ನಾನು ಹೊಡೆದ ಗುಂಡುಗಳು ಕಾಗದದ ಅಂಚನ್ನಾದರೂ ಮುಟ್ಟಿದರೆ ಅದೇ ಹಬ್ಬ.

ಶುರುವಿನ ಭಾನುವಾರಗಳು ಕೆಟ್ಟದಾಗಿದ್ದವು. ರೇಂಜಿನಲ್ಲಿ ಮಾತಾಡುವಂತಿಲ್ಲ, ನಗುವಂತಿಲ್ಲ. ಬಿಳಿ ಕಾಗದ, ಅದರ ನಡುವೆ ಕಪ್ಪು ಸುತ್ತುಗಳು, ಅಷ್ಟೇ. ಒಂದು ಗುಂಡು ತಪ್ಪಿದರೆ ಕೋಚ್ ಸರ್ ಬೈಯುತ್ತಿರಲಿಲ್ಲ. ಸುಮ್ಮನೆ ತಂಗಿಯ ಹಿಂದೆ ಬಂದು ನಿಲ್ಲುತ್ತಿದ್ದರು. ಅದೇ ಅವಳಿಗೆ ಹೆದರಿಕೆ. ಭಾನುವಾರ ಬೆಳಗ್ಗೆ ತಿಂಡಿ ತಿಂದದ್ದನ್ನು ಕಕ್ಕಿಬಿಡುತ್ತಿದ್ದಳು. "ಸಾಕು ಬುಡು, ಹೆಣ್ಮಗೀಗೆ ಕೋವಿ ಹಿಡ್ಸಿ ಏನಾಗ್ಬೇಕೈತೆ? ಇನ್ನೊಂದು ತಿಂಗಳು ನೋಡ್ತೀನಿ, ಆಮೇಲೆ ಇಲ್ಲ" ಎಂದು ಅಮ್ಮ ಗಡುವು ಹಾಕಿದಳು.

ಇದನ್ನು ಕಾಂಪೌಂಡಿನಾಚೆಯಿಂದ ಚಾಚಾ ಕೇಳಿಸಿಕೊಂಡಿರಬೇಕು. ಮುಂದಿನ ವಾರದಿಂದ ದಾರಿಯ ಆಟಗಳು ಶುರುವಾದವು.

ಮೊದಲನೆಯದು ಉಸಿರಿನ ಆಟ. ನೂಲು ತೆಗೆಯುವ ಬೀದಿಯ ಮೊದಲ ಮನೆಯಿಂದ ಕೊನೆಯ ಮಸೀದಿಯ ತನಕ ಮೂವರೂ ಉಸಿರು ಹಿಡಿಯಬೇಕು. ಚಾಚಾ ಬೇಕೆಂದೇ ಆಟೋ ನಿಧಾನ ಮಾಡುತ್ತಿದ್ದರು. ಯಾವನಾದರೂ ಕೈಗಾಡಿಯವನು ಅಡ್ಡ ಬಂದರೆ ಹಾರ್ನ್ ಮಾಡದೆ ಅವನಿಗೆ ಸಲಾಂ ಹೊಡೆಯುತ್ತಿದ್ದರು. ನಾನು ಅರ್ಧಕ್ಕೇ ಬಾಯಿ ಬಿಡುತ್ತಿದ್ದೆ. ತಂಗಿ ಕೆನ್ನೆ ಕೆಂಪಾಗಿಸಿಕೊಂಡು ಮಸೀದಿ ದಾಟಿ, "ಚಾಚಾ ಕಳ್ಳ! ಮೂಗಲ್ಲಿ ಉಸಿರು ಬಿಟ್ರು, ಮೀಸೆ ಅಳ್ಳಾಡ್ತು!" ಎಂದು ಕಿರುಚುತ್ತಿದ್ದಳು.

"ಅರೇ ಬೇಟಾ, ಅದು ಗಾಳಿಗೆ ಅಳ್ಳಾಡಿದ್ದು. ನನ್ ಮೀಸೇನೂ ನಿನ್ ಪಾರ್ಟಿನಾ?"

ಎರಡನೆಯದು ಸೀಟಿನ ಕಾನೂನು. ಹೋಗುವಾಗ ಡ್ರೈವರ್ ಪಕ್ಕದ ಇಷ್ಟೇ ಇಷ್ಟು ಜಾಗದಲ್ಲಿ ಅವರ ಚೀಲ. ನಾವಿಬ್ಬರೂ ಹಿಂದೆ ಗೋಣಿತಾಟಿನ ಮೇಲೆ. ಬರುವಾಗ ಆ ಜಾಗ ಯಾರಿಗೆ ಎಂಬುದು ಕಾಗದದ ಮೇಲಿನ ಅಂಕದಿಂದ ತೀರ್ಮಾನವಾಗುತ್ತಿತ್ತು. ಗೆದ್ದವರಿಗಲ್ಲ, ಸೋತವರಿಗೆ. "ಗೆದ್ದೋರಿಗೆ ಖುಸಿ ಇದ್ದೇ ಇರ್ತೈತೆ, ಅವ್ರಿಗ್ಯಾಕೆ ಸೀಟು? ಸೋತೋರು ಬಂದ್ ಕೂತ್ಕಳಿ, ಗಾಳಿ ಚೆನ್ನಾಗಿ ಬತ್ತದೆ." ಹೆಚ್ಚು ಕಡಿಮೆ ಪ್ರತಿ ವಾರವೂ ಮುಂದೆ ಕೂತವಳು ನಾನೇ. ತಂಗಿ ಹಿಂದಿನಿಂದ ಕೂಗುತ್ತಿದ್ದಳು, "ಚಾಚಾ, ಮುಂದಿನ್ ವಾರ ನಾನ್ ಬೇಕಂತಾನೇ ಸೋಲ್ತೀನಿ!" ಸೋಲಿನ ಮಾತನ್ನು ಅವಳು ನಗುತ್ತಾ ಆಡಲು ಶುರುಮಾಡಿದ್ದು ಆಗಲೇ. ತಿಂಡಿ ಕಕ್ಕುವುದು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ.

ಆಮೇಲೆ ಬೊಂಬೆಗಳು ಬಂದವು.

ನಿಜವಾದ ಅಭ್ಯಾಸಕ್ಕೆ ಮೊದಲು, ಕೋಚ್ ಸರ್ ಆಫೀಸ್ ರೂಮಿನಲ್ಲಿ ಟೀ ಕುಡಿದು ಬರುವ ಅರ್ಧ ಗಂಟೆ ಖಾಲಿ ಇರುತ್ತಿತ್ತು. ಆ ಹೊತ್ತಿನಲ್ಲಿ ಮಗು ಬೊಂಬೆಗಳಿಗೆ ಹೊಡೆದು ಕೈ ಬಿಸಿ ಮಾಡಿಕೊಳ್ಳಲಿ ಎಂದು ಚಾಚಾ ಅವರನ್ನು ಕೇಳಿ ಒಪ್ಪಿಸಿದರು. ಗುಂಡು ತಾಗಿದರೆ ಹಿಂದಕ್ಕೆ ಬೀಳುವ ಪೊಲೀಸಪ್ಪ, ತಲೆಯಾಡಿಸುವ ಅಜ್ಜಿ, ಸುತ್ತು ತಿರುಗುವ ಗಿಳಿ. ಚಾಚಾ ತಂಗಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಅಲ್ಲಿಂದಲೇ ದಾರ ಎಳೆದು ಬಿದ್ದವರನ್ನು ಎಬ್ಬಿಸುತ್ತಿದ್ದರು. ಗುಂಡು ಹೋಗುವ ದಾರಿಗೆ ಯಾರೂ ಕಾಲಿಡುವಂತಿಲ್ಲ, ಆ ನಿಯಮ ಅವರು ಮುರಿಯಲಿಲ್ಲ.

ಕೋಚ್ ಸರ್ ಒಂದು ಮಾತು ಹೇಳಿದ್ದರು. ಇದು ನಾನೇ ಕೇಳಿಸಿಕೊಂಡದ್ದು. "ಬಣ್ಣ ಹಾಕ್ಬೇಡಿ. ಬರೀ ಮರ ಇರಲಿ. ಮೆತ್ತಗಿದ್ರೆ ಗುಂಡು ಒಳಗೇ ಕೂತ್ಕೊಳುತ್ತೆ. ಗಟ್ಟಿ ಪದರ ಇದ್ರೆ, ಅದೂ ದುಂಡಗಿದ್ರೆ, ವಾಪಸ್ ಹಾರುತ್ತೆ."

ಮೊದಲ ಬೊಂಬೆಗಳು ಹಾಗೇ ಇದ್ದವು, ಬಿಳಿಚಿಕೊಂಡ ಆಲೆ ಮರದವು. ಚಾಚಾ ಅವನ್ನು ಚೀಲದಿಂದ ತೆಗೆಯುವಾಗ ಆ ಕಡೆ ಈ ಕಡೆ ನೋಡುತ್ತಿದ್ದರು, ಯಾರಾದರೂ ಗುರುತಿನವರು ಕಂಡುಬಿಟ್ಟಾರೇನೋ ಎಂಬಂತೆ. "ಬೋಳು ಬೊಂಬೆ ನಮ್ಮನೆಯಿಂದ ಆಚೆಗೆ ಹೋಗಿದ್ದೇ ಇಲ್ಲಮ್ಮ. ನಮ್ಮಪ್ಪ ಇದ್ದಿದ್ರೆ ಕೈ ಮುರೀತಿದ್ರು" ಎಂದರು ಒಮ್ಮೆ. ಕೆಲವು ವಾರಗಳಾದ ಮೇಲೆ ಗಿಳಿಗೆ ಹಸಿರು ಬಂತು. ಅಜ್ಜಿಗೆ ಕೆಂಪು ಸೀರೆ ಬಂತು. ಒಣಗರಿಯ ಮೆರುಗು ಬಂತು. ಕೋಚ್ ಸರ್ ನೋಡಿ, "ಬೇಡ ಅಂದಿದ್ನಲ್ಲ" ಎಂದರು. ತಂಗಿಯ ಅಂಕ ವಾರವಾರವೂ ಏರುತ್ತಿತ್ತು. ಅವರು ಬೊಂಬೆಗಳನ್ನು ತೆಗೆಸಲಿಲ್ಲ.

ಒಂದು ಸಲ ಗುಂಡು ಗಿಳಿಯ ಹೊಟ್ಟೆಗೆ ಬಡಿದು ಜಾರಿ, ಮೇಲಿನ ತಗಡಿಗೆ ಟಣ್ ಎಂದು ಹೊಡೆಯಿತು. ನಾವು ಮೂವರೂ ಬೆಚ್ಚಿದೆವು. ಚಾಚಾ ನಕ್ಕರು. "ನೋಡ್ದಾ ಬೇಟಾ, ಗಿಳಿ ವಾಪಸ್ ಹೊಡೀತೈತೆ! ಹುಸಾರು!" ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ...

ಈಗ ನನಗೆ ಖಚಿತವಿಲ್ಲದ ಭಾನುವಾರ.

ಅದರಲ್ಲಿ ನನಗೆ ಸಿಗುವುದು ಒಂದು ಗಂಟು ಮಾತ್ರ. ಆಟೋದ ಹಿಂಭಾಗದಲ್ಲಿ ಕೂತು, ಡ್ರೈವರ್ ಬೆನ್ನಿನ ಹಿಂದಿನ ಸಣ್ಣ ಕಿಂಡಿಯಿಂದ ನೋಡುತ್ತಿದ್ದೇನೆ. ಚಾಚಾನ ತಲೆಯ ಹಿಂದೆ, ಟೋಪಿಯ ಕೆಳಗೆ, ಕಣ್ಣಿಗೆ ಅಡ್ಡ ಕಟ್ಟಿದ ನೀಲಿ ಚೌಕಳಿಯ ಕರ್ಚೀಫಿನ ಗಂಟು. ಆಟೋ ಗುಂಡಿಗೆ ಇಳಿದಾಗಲೆಲ್ಲ ಅವರ ಹೆಗಲು ಬಿಗಿಯಾಗುತ್ತದೆ. ನಾನು ಉಸಿರು ಹಿಡಿದಿದ್ದೇನೆ. ಆದರೆ ಆ ಆಟ ಹೋಗುವಾಗಲೂ ಇತ್ತು, ಬರುವಾಗಲೂ ಇತ್ತು.

"ಕಣ್ಣಿಗೇನಾಯ್ತು?" ಎಂದು ಅಮ್ಮ ಬಾಗಿಲಲ್ಲಿ ನಿಂತು ಕೇಳಿದ್ದು ಕಿವಿಯಲ್ಲಿದೆ. "ನೆನ್ನೆ ಸಂಜೆ ಲೇತಿಂದ ಚಕ್ಕೆ ಹಾರ್ತು ಕಣಮ್ಮ. ನಮ್ ಕಸುಬಲ್ಲಿ ಇದ್ದಿದ್ದೇ" ಎಂದು ಚಾಚಾ ಹೇಳಿದ್ದೂ ಇದೆ. ಅಮ್ಮ ಕೇಳಿದ್ದು ನಾವು ಹೊರಡುವಾಗಲೋ, ವಾಪಸ್ ಬಂದಿಳಿದ ಮೇಲೋ, ಅದು ಮಾತ್ರ ಇಲ್ಲ. ಅಮ್ಮನೂ ಈಗಿಲ್ಲ. ಅವತ್ತು ಬೊಂಬೆ ಹೊಡೆಯುವ ಹೊತ್ತಿನಲ್ಲಿ ನಾನು ಒಳಗಿರಲಿಲ್ಲ; ಹೊರಗೆ ಹೊಂಗೆ ಮರದಡಿ ಪುಸ್ತಕ ಹಿಡಿದು ಕೂತಿದ್ದೆ. ಪರೀಕ್ಷೆ ಹತ್ತಿರವಿತ್ತು. ಕಾಗದಕ್ಕೆ ಹೊಡೆಯುವಾಗ ಮನೆಯವರು ಒಳಗಿರುವಂತಿಲ್ಲವಾದ್ದರಿಂದ ಚಾಚಾ ಎಂದಿನಂತೆ ಹೋಗಿ ಆಟೋದಲ್ಲಿ ಕಾದಿರಬೇಕು. ಹಾಗೆ ಕಾದಿದ್ದರೆ, ಆ ಕಣ್ಣು ಹಿಡಿದುಕೊಂಡು ಎಷ್ಟು ಹೊತ್ತು...

ಚಕ್ಕೆಯ ಮಾತನ್ನು ಯಾರೂ ಅನುಮಾನಿಸಲಿಲ್ಲ. ನಮ್ಮ ಬೊಂಬೆಯವರ ಬೀದಿಯಲ್ಲಿ ಕಣ್ಣಿಗೆ ಚಕ್ಕೆ ಬೀಳದ ಕೆಲಸಗಾರನೇ ಇರಲಿಲ್ಲ. ಬೆಂಗಳೂರಿನ ಕಣ್ಣಾಸ್ಪತ್ರೆಗೆ ಅವರು ಹೋದದ್ದು ಮೂರ್ನಾಲ್ಕು ದಿನ ಬಿಟ್ಟು, ನೋವು ತಡೆಯಲಾಗದೆ. ಏಟು ಬಿದ್ದ ದಿನವೇ ಬಂದಿದ್ದರೆ ನೋಡಬಹುದಿತ್ತು ಎಂದರಂತೆ ಡಾಕ್ಟರು. ಎಡಗಣ್ಣು ಹೋಯಿತು.

ಮತ್ತು ಅದೇ ವಾರ ತಂಗಿ ಶೂಟಿಂಗ್ ಬಿಟ್ಟಳು.

ಕಾರಣ ಹೇಳಲಿಲ್ಲ. ಬೇಜಾರು ಎಂದಳು, ಅಷ್ಟೇ. ಆಸ್ಪತ್ರೆಯಿಂದ ಬಂದ ಮೇಲೆ ಚಾಚಾ ಭಾನುವಾರ ಬೆಳಗ್ಗೆ ಆಟೋ ತಂದು ಮನೆ ಮುಂದೆ ಎರಡು ಸಲ ಹಾರ್ನ್ ಮಾಡಿದರು. ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅಮ್ಮ ಬಾಗಿಲು ಬಡಿದಳು, ಅಪ್ಪ ಗದರಿದರು. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಕೋಚ್ ಸರ್ ಎರಡು ಸಲ ಫೋನ್ ಮಾಡಿ ಸುಮ್ಮನಾದರು.

ಚಾಚಾ ಸುಮ್ಮನಾಗಲಿಲ್ಲ. ಒಂದೇ ಕಣ್ಣಿನಲ್ಲಿ ಲೇತಿಗೆ ಕೂತು ಹೊಸ ಹೊಸ ಬೊಂಬೆ ಮಾಡಿದರು. ಅಳತೆ ತಪ್ಪುತ್ತಿತ್ತು, ಕತ್ತು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಈಗ ಅವೆಲ್ಲ ಬೋಳು ಬೊಂಬೆಗಳೇ, ಒಂದಕ್ಕೂ ಬಣ್ಣವಿರಲಿಲ್ಲ. ಇದು ಆಗ ನನಗೆ ಏನೂ ಅನ್ನಿಸಲಿಲ್ಲ. ಕಣ್ಣು ಕಾಣದ್ದಕ್ಕೆ ಬಣ್ಣ ಹಾಕುತ್ತಿಲ್ಲ ಎಂದುಕೊಂಡೆ. ಸ್ಕೂಲಿಂದ ಅವಳು ಬರುವ ಹೊತ್ತಿಗೆ ಅವನ್ನು ಕಾಂಪೌಂಡಿನ ಮೇಲೆ ಸಾಲಾಗಿ ಇಟ್ಟು ಕಾಯುತ್ತಿದ್ದರು.

"ಬೇಟಾ, ಇದ್ ನೋಡಿಲ್ಲಿ. ಇವನ್ಗೆ ಹೊಡುದ್ರೆ ಟೋಪಿ ತೆಗ್ದು ಸಲಾಂ ಮಾಡ್ತಾನೆ."

"ಬೇಡ ಚಾಚಾ. ನಂಗ್ ಬೇಜಾರು."

"ಬೇಜಾರಾ... ಸರಿ ಬುಡು. ಮುಂದಿನ್ ವಾರ ಬೇರೆ ಮಾಡ್ತೀನಿ."

ಅವಳು ತಲೆ ಎತ್ತುತ್ತಿರಲಿಲ್ಲ. ಅವರ ಮುಖ ನೋಡದೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದಳು. ಎಂಥ ಕಲ್ಲು ಮನಸ್ಸು ಇವಳದು ಎಂದು ಅಮ್ಮ ಬೈಯುತ್ತಿದ್ದಳು. ಮಳೆ ಬಂದರೂ ಬೊಂಬೆಗಳು ಅಲ್ಲೇ ಇರುತ್ತಿದ್ದವು. ಬಣ್ಣವಿಲ್ಲದ ಮರ ನೀರು ಕುಡಿದು ಕಪ್ಪಾಗಿ ಬಿರಿಯುತ್ತಿತ್ತು. ಅಪ್ಪನಿಗೆ ವರ್ಗವಾಗಿ ನಾವು ಮನೆ ಖಾಲಿ ಮಾಡಿದ ದಿನವೂ ಕೆಲವು ಗೋಡೆಯ ಮೇಲಿದ್ದವು.

ಹೋದ ವಾರ ಚಾಚಿ ನನಗೆ ಚಹಾ ಕೊಟ್ಟು, ಪಕ್ಕದಲ್ಲಿ ಕೂತು, ಹೋದವರ ಮಾತು ಎತ್ತಿದರು. ಅವರ ಶೋಕಿ, ಅವರ ಮೀಸೆ, ವಾರಕ್ಕೊಮ್ಮೆ ಕಾಡಿಗೆಯಂತೆ ಹಚ್ಚುತ್ತಿದ್ದ ಸುರ್ಮಾ. "ನಿಮ್ಮನ್ನ ಕರ್ಕೊಂಡು ಹೋಗೋ ಇತ್ವಾರ ಬಂದ್ರೆ ಸಾಕು, ಮದ್ವೆ ಗಂಡಿನ ಥರ. ಕನ್ನಡಿ ಮುಂದೆ ನಿಂತ್ಕೊಂಡು ಎರಡೂ ಕಣ್ಣಿಗೂ ಸುರ್ಮಾ ಹಚ್ಕೊಂಡೇ ಹೋಗೋರು. ಕೊನೇ ಸಲಾನೂ ಹಂಗೇ ಹಚ್ಕೊಂಡು ಹೋದ್ರಮ್ಮ. ಕಣ್ಣು ಹೋಗಿದ್ದು ಅದೇ ಇತ್ವಾರ ಅಲ್ವಾ? ನಾನೇ ಆಮೇಲೆ ಒರೆಸ್ದೆ."

ಹಿಂದಿನ ಸಂಜೆ ಚಕ್ಕೆ ಬಿದ್ದ ಕಣ್ಣಿಗೆ ಬೆಳಗ್ಗೆ ಯಾರು ಸುರ್ಮಾ ಹಚ್ಚಿಕೊಳ್ಳುತ್ತಾರೆ? ನಾನು ಕೇಳಲಿಲ್ಲ. ಅವರೂ ತಮ್ಮ ಮಾತಿನಲ್ಲಿ ಏನಿದೆ ಎಂದು ಯೋಚಿಸಿದಂತೆ ಕಾಣಲಿಲ್ಲ. ಇಷ್ಟು ವರ್ಷ ಅವರೂ ಚಕ್ಕೆಯನ್ನೇ ನಂಬಿದ್ದಾರೆ; ಅದು ಯಾವ ಹೊತ್ತಿನಲ್ಲಿ ಬಿದ್ದದ್ದು ಎಂದು ಲೆಕ್ಕ ಹಾಕಿಲ್ಲ. ಅಥವಾ ಅವರ ನೆನಪೂ ನನ್ನದರ ಹಾಗೇ ಇದ್ದು, ಬೇರೆ ಯಾವುದೋ ಭಾನುವಾರದ ಸುರ್ಮಾವನ್ನು ಅಲ್ಲಿ ತಂದಿಟ್ಟಿರಬಹುದು. ಚಹಾ ಕುಡಿದು ಲೋಟ ಕೆಳಗಿಟ್ಟೆ. ಲೇತಿನ ಮೇಲೆ ಯಾರೋ ಗೋಣಿಚೀಲ ಹೊದಿಸಿದ್ದರು.

ಬರುವ ದಾರಿಯುದ್ದಕ್ಕೂ ಆ ಗಂಟಿನ ಬಗ್ಗೆ ಯೋಚಿಸಿದೆ. ನಾನು ಅದನ್ನು ಹಿಂದಿನಿಂದ ನೋಡಿದ್ದೇನೆ. ಹಾಗಿದ್ದರೆ ಅದು ನಾವಿಬ್ಬರೂ ಹಿಂದೆ ಕೂತು ಹೋಗುವಾಗಿನದು. ಚಾಚಾ ಹೇಳಿದ್ದೇ ನಿಜ. ಯಾರದೂ ಏನೂ ತಪ್ಪಿಲ್ಲ. ಇಲ್ಲವೇ ಅದು ಬರುವಾಗಿನದು, ಮತ್ತು ಅವತ್ತು ಸೋತವರ ಸೀಟಿನಲ್ಲಿ ಕೂತವಳು ನಾನಲ್ಲ. ನಾನು ತಂಗಿಯನ್ನು ಒಂದೇ ಒಂದು ಸಲ ಗೆದ್ದಿದ್ದೆ, ಅವಳ ಗುಂಡುಗಳೆಲ್ಲ ಕಾಗದದಾಚೆ ಹೋಗಿದ್ದವು ಎಂಬುದು ನೆನಪಿದೆ. ಯಾವತ್ತು ಎಂಬುದು ನೆನಪಿಲ್ಲ. ಅವಳು ಚಾಚಾನ ಪಕ್ಕದಲ್ಲಿ, ಆ ಕಣ್ಣಿನ ಕಡೆಯೇ, ರಾಮನಗರದಿಂದ ಮನೆಯ ತನಕ ಕೂತು ಬಂದಿದ್ದರೆ... ಅವರು ಅವಳಿಗೆ ಏನು ಹೇಳಿರಬಹುದು? ಯಾರಿಗೂ ಹೇಳಬೇಡ, ಹೇಳಿದರೆ ನಿನ್ನನ್ನು ಕಳಿಸುವುದಿಲ್ಲ ಎಂದೇ? ಇದು ಊಹೆ. ಇದನ್ನು ನೆನಪೆಂದು ನಾಳೆ ನಾನು ನಂಬಿಬಿಡಬಾರದೆಂದೇ ಊಹೆ ಎಂದು ಬರೆದಿಡುತ್ತಿದ್ದೇನೆ.

ತಂಗಿ ಈಗ ಕನಕಪುರದಲ್ಲಿದ್ದಾಳೆ, ಔಷಧಿ ಅಂಗಡಿ ನೋಡಿಕೊಳ್ಳುತ್ತಾಳೆ. ಚಾಚಾ ಹೋದ ಸುದ್ದಿ ಹೇಳಿದಾಗ "ಹೌದಾ" ಎಂದು ಫೋನ್ ಇಟ್ಟಿದ್ದಳು. ಚಾಚಿಯ ಮನೆಯಿಂದ ಬಂದ ದಿನ ನಾನು ಕಳಿಸಿದ ಮೆಸೇಜನ್ನು ಅವಳು ಅವತ್ತೇ ನೋಡಿದ್ದಾಳೆ. ಮರುದಿನ ಮಗಳು ಸ್ಕೂಲಿನಲ್ಲಿ ಕುಣಿದ ವಿಡಿಯೋ ಕಳಿಸಿದಳು, ಅದರ ಮರುದಿನ ಮಂಡಿನೋವಿಗೆ ಒಂದು ಮುಲಾಮಿನ ಹೆಸರು ಬರೆದಳು. ನಾನು ಕೇಳಿದ್ದು ಇವೆರಡರ ಮೇಲೆ ಹಾಗೇ ಇದೆ:

"ಚಾಚಾ ಕರ್ಚೀಫ್ ಕಟ್ಕೊಂಡಿದ್ದ ದಿನ, ವಾಪಸ್ ಬರುವಾಗ ಮುಂದೆ ಕೂತಿದ್ದು ನಾನಾ, ನೀನಾ?"