ಅತ್ತೆ ಓದಿದ ಗೂಢಚಾರರ ಕಥೆ

ಆಗೆಲ್ಲ ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನವೆಂದರೆ ಹಪ್ಪಳದ ಹಿಟ್ಟು, ಇಂಗಿನ ವಾಸನೆ ಮತ್ತು ಅತ್ತೆಯ ದನಿ. ಮನೆಯವರು ಹಪ್ಪಳ ಲಟ್ಟಿಸುವಾಗ ಅಪ್ಪನ ತಂಗಿ ಶಾಂತತ್ತೆ ಕಾದಂಬರಿ ಓದುತ್ತಿದ್ದಳು. ಆ ವರ್ಷ ಅಬಿಡ್ಸಿನ ಫುಟ್‌ಪಾತಿನ ಹಳೇ ಪುಸ್ತಕದಂಗಡಿಯಿಂದ ತಂದದ್ದು ರಾಜರ ಕಾಲದ ಗೂಢಚಾರರ ಕಥೆ. ಹೂ ಮಾರುವವಳ ವೇಷದಲ್ಲಿ ಶತ್ರುವಿನ ಕೋಟೆ ಹೊಕ್ಕ ಹುಡುಗಿ. ಗುರುತು ಹಿಡಿದೂ ಸುಮ್ಮನಿರುವ ಎದುರು ಪಕ್ಷದ ಗೂಢಚಾರ. ಅವರಿಬ್ಬರೂ ಪರಸ್ಪರ ಕಾಲೆಳೆಯುವುದನ್ನು ಅತ್ತೆ ಎರಡು ದನಿಯಲ್ಲಿ ಓದಿದರೆ ಅಜ್ಜಿಯೂ ಲಟ್ಟಣಿಗೆ ಬಿಟ್ಟು ನಗುತ್ತಿದ್ದಳು. ಪ್ರೇಮದ ಜಾಗ ಬಂತೋ, ಮಾಳಿಗೆಯ ಮೇಲಿನ ಹಪ್ಪಳ ಹೊರಳಿಸಿ ಬಾ ಎಂದು ಅಜ್ಜಿ ಚಿಕ್ಕವಳಾದ ನನ್ನನ್ನು ಅಟ್ಟುತ್ತಿದ್ದಳು. ಆ ವರ್ಷದಷ್ಟು ಚೆನ್ನಾಗಿ ನಮ್ಮ ಹಪ್ಪಳ ಎಂದೂ ಒಣಗಿರಲಿಲ್ಲ.

ಕಾದಂಬರಿ ಅರ್ಧವಾದಾಗ ಅತ್ತೆಯನ್ನು ನೋಡಲು ಗುಲಬರ್ಗಾದಿಂದ ಗಂಡಿನವರು ಬಂದರು. ಬಂದ ಸಂಬಂಧಗಳೆಲ್ಲ ತಪ್ಪಿಹೋಗಿ ಅಜ್ಜಿಗೆ ಅದೇ ಚಿಂತೆಯಾಗಿತ್ತು. ಹುಡುಗ ಹುಡುಗಿ ಮಾಳಿಗೆಯ ಮೇಲೆ ಮಾತಾಡಲಿ ಎಂದು ಹಿರಿಯರು ಒಪ್ಪಿದರು. ಏನು ಮಾತಾಡುತ್ತಾರೆ ಕೇಳಿಕೊಂಡು ಬಾ ಎಂದು ಅಜ್ಜಿ ನನ್ನನ್ನೂ ಹಿಂದೆ ಕಳಿಸಿದಳು. ನಾನೂ ಗೂಢಚಾರಿಣಿಯಾದೆನೆಂದು ನನಗೆ ಸ್ವರ್ಗ ಮೂರೇ ಗೇಣು.

ಏನು ಓದುತ್ತೀರಿ ಎಂದು ಅವನು ಕೇಳಿದ. ಅತ್ತೆ ಕಥೆ ಹೇಳಿದಳು, ಎರಡು ದನಿಯಲ್ಲೇ. ಅವನು ನಕ್ಕ, ಅವಳೂ ಬಾಯಿ ತುಂಬ ನಕ್ಕಳು.

“ಕಡೀಕ ಇಬ್ಬರದೂ ಮದಿವಿ ಆಕ್ಕೈತೇನ್ರಿ?” ಎಂದು ಅವನು ಕೇಳಿದ.

“ಮೊದಲ ಇಬ್ರೂ ಖರೇ ಮಾತಾಡಬೇಕಲ್ರಿ,” ಎಂದಳು ಅತ್ತೆ.

ಅವನ ನಗು ನಿಂತಿತು. “ಹಂಗಾರ ನಾನೂ ಖರೇ ಹೇಳ್ತೀನ್ರಿ. ನನ್ನ ಮನಸ್ಸಿನ್ಯಾಗ ಬ್ಯಾರೆ ಹುಡುಗಿ ಅದಾಳ. ಅಪ್ಪನ ಮುಂದ ಹೇಳೂ ಧೈರ್ಯ ಇಲ್ಲ.”

ಅತ್ತೆ ಬಗ್ಗಿ ಒಂದು ಹಪ್ಪಳ ಹೊರಳಿಸಿದಳು. “ನಾನ ಬ್ಯಾಡ ಅಂತೀನಿ ಬಿಡ್ರಿ. ನೀವು ಸುಮ್ನಿರ್ರಿ.”

ಕೆಳಗೆ ಬಂದು, ಹುಡುಗ ನನಗೆ ಹಿಡಿಸಲಿಲ್ಲ ಎಂದುಬಿಟ್ಟಳು. ಅಪ್ಪ ಹಾರಾಡಿದ, ಅಜ್ಜಿ ಅತ್ತಳು. ಆಮೇಲೆ ಅಜ್ಜಿ ನನ್ನನ್ನು ಅಡುಗೆಮನೆಗೆ ಎಳೆದೊಯ್ದು, ನಡೆದದ್ದೇನು ಎಂದು ಕೇಳಿದಳು. ಬಾಗಿಲಲ್ಲಿ ಅತ್ತೆ ನಿಂತಿದ್ದಳು.

“ಬರೇ ಕಾದಂಬರಿ ಮಾತಾಡಿದ್ರು ಅಜ್ಜಿ,” ಎಂದೆ.

ಮರುದಿನ ಪ್ರೇಮದ ಜಾಗ ಬಂದಾಗ ಅಜ್ಜಿ ನನ್ನನ್ನು ಮಾಳಿಗೆಗೆ ಅಟ್ಟಹೋದರೆ, “ಆಕಿ ಕೂಡ್ಲಿ ಬಿಡವ್ವಾ,” ಎಂದು ಅತ್ತೆ ಓದು ಮುಂದುವರಿಸಿದಳು.

ಅತ್ತೆ ಕೊನೆಗೂ ಮದುವೆಯಾಗಲಿಲ್ಲ. ಅವಳು ತೀರಿಕೊಂಡು ಬಹಳ ಕಾಲವಾಯಿತು. ಈಗ ಅಂಥ ಕಾದಂಬರಿಗಳನ್ನು ಮಿಯಾಪುರದ ಮೆಟ್ರೋದಲ್ಲಿ, ಫೋನಿನಲ್ಲಿ, ಒಬ್ಬಳೇ ಓದಿಕೊಳ್ಳುತ್ತೇನೆ. ನಗು ಬರುತ್ತದೆ, ಸಂಕಟವೂ ಆಗುತ್ತದೆ. ಆ ದಿನ ಮಾಳಿಗೆಯ ಮೇಲೆ ಅವನೆದುರು ನಕ್ಕಂತೆ ಅತ್ತೆ ಮತ್ತೆ ಯಾರೆದುರೂ ನಕ್ಕದ್ದನ್ನು ನಾನು ಕಾಣಲಿಲ್ಲ.